ಕಿಟಕಿಯ ಸರಳಿಗೆ ಕಟ್ಟಿದ ಹಗ್ಗ

ಜುಲೈ 6

ಗುಮ್ಮಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಓದಿ ಸುಮ್ಮನಾಗುತ್ತೀಯ. ಅದಕ್ಕೇ ಅಂಚೆಯ ಮೊರೆ ಹೋಗಿದ್ದೇನೆ. ಕಾಗದವನ್ನು ಒಡೆದೂ ನೋಡದೆ ಎಸೆಯುವಷ್ಟು ಕಲ್ಲೆದೆ ನಿನ್ನದಲ್ಲ ಅಂದುಕೊಂಡಿದ್ದೇನೆ.

ನಿನ್ನ ಎರಡನೇ ಸಲದ ಕಾಂಪ್ರಿಹೆನ್ಸಿವ್ ಪರೀಕ್ಷೆ ಡಿಸೆಂಬರಿನಲ್ಲಿ ಅಂತ ವಿಭಾಗದ ಆಫೀಸಿನ ಅಕ್ಕ ಹೇಳಿದರು. ಮೂರನೇ ಸಲ ಅನ್ನುವುದು ಇಲ್ಲ, ಅದು ನಿನಗೂ ಗೊತ್ತು ನನಗೂ ಗೊತ್ತು. ಈ ಸಲವೂ ಫೇಲಾದರೆ ಇಷ್ಟು ದಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ಸ್ನಾತಕೋತ್ತರ ಅಂತ ಒದ್ದಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪದವಿ ಇಲ್ಲ, ಮನೆಗೆ ನಡಿ.

ನಾವು ಹೇಗೆ ಓದಿದ್ದೆವು ಅಂತ ನೆನಪಿದೆಯಾ? ಪಾಠಗಳನ್ನೆಲ್ಲ ಇಬ್ಭಾಗ ಮಾಡಿಕೊಂಡು, ಯಂತ್ರಗಳು, ಪವರ್ ಸಿಸ್ಟಮ್ ನಿನಗೆ. ಕಂಟ್ರೋಲ್, ಅಲೆಗಳು, ಟ್ರಾನ್ಸ್‌ಮಿಷನ್ ಲೈನು ನನಗೆ. ಓದಿದ್ದನ್ನು ಒಬ್ಬಳು ಇನ್ನೊಬ್ಬಳಿಗೆ ಕಲಿಸುವುದು. ಆಮೇಲೆ ಒಬ್ಬಳು ನಮ್ಮ ಕೆಮ್ಮುವ ಪ್ರೊಫೆಸರಾಗಿ ಕುರ್ಚಿಯಲ್ಲಿ ಕೂತು ಅವರಂತೆಯೇ ಕೆಮ್ಮುವುದು, ಇನ್ನೊಬ್ಬಳು ಬೋರ್ಡಿನ ಮುಂದೆ ನಿಂತು ಬೆವರುವುದು. ನಮ್ಮ ಜೊತೆಯವರೆಲ್ಲ ಪಾಸಾಗಿ ಹೋಗಿಯಾಯಿತು. ಈಗ ನಿನಗೆ ಕೆಮ್ಮುವವರು ಯಾರಿದ್ದಾರೆ ಹೇಳು? ಪ್ರಶ್ನೆಗಳನ್ನು ನಾನು ಅಂಚೆಯಲ್ಲೇ ಕಳಿಸುತ್ತೇನೆ, ನೀನು ಉತ್ತರ ಬರೆದು ಕಳಿಸು.

ಇನ್ನೊಂದು ಮಾತು. ವೈವಾಕ್ಕೆ ಒಬ್ಬರು ಒಳಗೆ ಹೋದರೆ ಅವರು ಹೊರಗೆ ಬರುವ ತನಕ ಒಬ್ಬರು ಬಾಗಿಲಾಚೆಯ ಬೆಂಚಿನಲ್ಲಿ ಕೂತಿರಬೇಕು ಅಂತ ನಮ್ಮ ವಿಭಾಗದ ಪದ್ಧತಿ. ನನಗೆ ನೀನು ಕೂತಿದ್ದೆ, ನಿನಗೆ ನಾನು. ನೀನು ಹೊರಗೆ ಬಂದೆ, ನಾನೇನೋ ಕೇಳಿದೆ, ನೀನು ನನ್ನ ಮುಖ ನೋಡದೆ ಮೆಟ್ಟಿಲು ಇಳಿದು ಹೋದೆ. ಅವತ್ತಿನಿಂದ ಮಾತಿಲ್ಲ. ನಾನು ಪಾಸಾದೆ, ನೀನಾಗಲಿಲ್ಲ ಅನ್ನುವುದೇ ಕಾರಣ ಅಂತ ಎಲ್ಲರೂ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ನೀನು ಅಷ್ಟು ಸಣ್ಣವಳಲ್ಲ.

ಇಂತಿ ನಿನ್ನ ಬಾಯಿಬಡುಕಿ,
ತಮಟೆ


ಜುಲೈ 21

ತಮಟೆ,

ನಿನ್ನ ಪತ್ರ ತಲುಪಿತು. ಪ್ರಶ್ನೆಗಳು ಬೇಡ. ಪುಸ್ತಕದಲ್ಲಿ ಬೇಕಾದಷ್ಟಿವೆ.

ಹೊಸ ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೇನೆ.

ಗುಮ್ಮಿ


ಆಗಸ್ಟ್ 3

ನನ್ನ ಪ್ರೀತಿಯ ಗುಮ್ಮನಗುಸಕಿಗೆ,

ಮೂರು ಸಾಲಿಗೆ ಇಡೀ ಹಾಳೆ ಖರ್ಚು ಮಾಡಿದ್ದೀಯ. ಆದರೂ ಬರೆದೆಯಲ್ಲ, ಅಷ್ಟು ಸಾಕು. ಪ್ರಶ್ನೆಗಳು ಬೇಡ ಅಂದಿದ್ದೀಯ. ನಿನ್ನ ಮಾತು ನಾನು ಯಾವತ್ತು ಕೇಳಿದ್ದೇನೆ? ಇದರ ಜೊತೆಗೆ ಇಟ್ಟಿದ್ದೇನೆ, ನೋಡು.

ಕೆಲಸ ಚೆನ್ನಾಗಿದೆ. ಕಾಲೇಜು ಊರಾಚೆ. ಪಾಠ ಮಾಡುವಾಗ ಕ್ಲಾಸಿನ ತುಂಬ ತಲೆಗಳು, ನನ್ನ ಗಂಟಲಿಗೆ ಮೈಕೂ ಬೇಡ. ಗಂಟೆ ಹೊಡೆದ ಮೇಲೆ ಮಾತ್ರ ಯಾರೂ ಇಲ್ಲ. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಸಂಸಾರವಂದಿಗರು, ಗಡಿಯಾರ ನೋಡಿಕೊಂಡೇ ಮಾತಾಡುತ್ತಾರೆ. ನಾನು ಡಬ್ಬಿ ಬಿಚ್ಚಿ ಕಿಟಕಿಯ ಕಡೆ ಮುಖ ಮಾಡಿ ಉಣ್ಣುತ್ತೇನೆ. ಬಾಡಿಗೆ ರೂಮಿಗೆ ಬಂದರೆ ನಲ್ಲಿಯ ಸದ್ದು, ಕೆಳಗಿನ ಮನೆಯವರ ಟಿವಿಯ ಸದ್ದು. ನಾನು, ತಮಟೆ, ಇಡೀ ಭಾನುವಾರ ಬಾಯಿ ಬಿಡದೆ ಕಳೆಯುತ್ತೇನೆ ಅಂದರೆ ನೀನು ನಂಬುತ್ತೀಯಾ? ನನಗೆ ನಿನ್ನ ನೆನಪು ಬಹಳ ಆಗುತ್ತದೆ ಕಣೇ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಅಕ್ಟೋಬರಿನಲ್ಲಿ ಲೈನಿನ ಪಾಠ ಶುರು. ನಮ್ಮ ಹಗ್ಗದ ಆಟವನ್ನೇ ಆಡಿಸೋಣ ಅಂತಿದ್ದೇನೆ. ಬಟ್ಟೆ ಒಣಹಾಕುವ ಹಗ್ಗ ಆಗಲೇ ತಂದಿಟ್ಟಾಯಿತು. ನೀನು ಕೂಡ ಒಂದೇ ಸಲಕ್ಕೆ ಕಲಿತೆಯಲ್ಲ, ಅವರೂ ಕಲಿಯಲಿ.

ನಾನು ಏನು ತಪ್ಪು ಮಾಡಿದೆ ಅಂತ ಒಂದು ಸಲ ಹೇಳು. ಬೈದಾದರೂ ಹೇಳು.

ತಮಟೆ


ಆಗಸ್ಟ್ 22

ಅಕ್ಕನಿಗೆ,

ನೀನು ಹೊಲಿದು ಕಳಿಸಿದ ಕುರ್ತಾ ಬಂತು. ತೋಳು ಸ್ವಲ್ಪ ಸಡಿಲ. ನೀನು ನನ್ನ ಹಳೆಯ ಅಳತೆಗೆ ಹೊಲಿದಿದ್ದೀಯ, ನಾನು ಇಳಿದುಹೋಗಿದ್ದೇನೆ. ಅದಕ್ಕೆ ಮತ್ತೆ ಶುರು ಮಾಡಬೇಡ, ಊಟ ಮಾಡುತ್ತಿದ್ದೇನೆ.

ಹೋದ ಸಲ ಯಾಕೆ ಫೇಲಾದೆ ಅಂತ ನೀನು ಕೇಳುತ್ತಲೇ ಇದ್ದೀಯ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನಿನಗೆ ಇದರ ಗಂಧಗಾಳಿ ಇಲ್ಲದಿದ್ದರೂ ಅರ್ಥವಾಗುತ್ತದೆ, ಒಂದು ಹಗ್ಗ ಗೊತ್ತಿದ್ದರೆ ಸಾಕು.

ಉದ್ದನೆಯ ಒಂದು ಜೋಡಿ ತಂತಿ ಅಂದುಕೋ. ಈ ತುದಿಯಲ್ಲಿ ವಿದ್ಯುತ್ತಿನ ಒಂದು ಸಣ್ಣ ಹೊಡೆತ ಕೊಟ್ಟರೆ ಅದು ಅಲೆಯಾಗಿ ಆ ತುದಿಗೆ ಹೋಗಿ ವಾಪಸು ಬರುತ್ತದೆ. ಆ ತುದಿಯಲ್ಲಿ ಎರಡೂ ತಂತಿ ಕೂಡಿಸಿ ಗಂಟು ಹಾಕಿದ್ದರೆ ಅಲೆ ತಲೆಕೆಳಗಾಗಿ ಬರುತ್ತದೆ. ಯಾವುದಕ್ಕೂ ಜೋಡಿಸದೆ ತೆರೆದು ಬಿಟ್ಟಿದ್ದರೆ ಹೋದ ಹಾಗೇ ನೆಟ್ಟಗೆ ಬರುತ್ತದೆ. ಇಷ್ಟೇ ವಿಷಯ.

ಇದು ತಮಟೆಯ ಪಾಲಿಗೆ ಬಂದ ಪಾಠ. ಅವಳು ನಮ್ಮ ಹಾಸ್ಟೆಲ್ ರೂಮಿನಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ, ಈ ತುದಿ ಹಿಡಿದು ಜಾಡಿಸಿದಳು. ಉಬ್ಬು ಓಡಿಹೋಗಿ ಕಿಟಕಿಗೆ ಬಡಿದು ತಗ್ಗಾಗಿ ವಾಪಸು ಬಂತು. "ನೋಡೇ, ದಾರಿ ಮುಗಿದ ಕಡೆ ಅಲೆ ಮಗುಚಿಕೊಂಡು ಬರುತ್ತೆ. ತೆರೆದ ತುದಿ ಅಂದ್ರೆ ಇದೇ, ಮುಂದೆ ಏನೂ ಇಲ್ಲ," ಅಂದಳು. ಎಷ್ಟು ಚೆನ್ನಾಗಿ ಕಾಣಿಸಿತು ಅಂದರೆ ನಾನು ಪುಸ್ತಕದ ಆ ಪುಟ ತೆರೆಯಲೇ ಇಲ್ಲ. ಆದರೆ ಸರಳಿಗೆ ಕಟ್ಟಿದ ಹಗ್ಗ ಗಂಟು ಹಾಕಿದ ತಂತಿಯ ಹಾಗೆ, ತುದಿ ಅಲ್ಲಾಡಲಾರದು. ತೆರೆದ ತುದಿ ಅಂದರೆ ಜೋತುಬಿಟ್ಟ ಹಗ್ಗದ ಕೆಳತುದಿ. ಅವಳು ಪೂರ್ತಿ ಉಲ್ಟಾ ಕಲಿಸಿದ್ದಳು.

ವೈವಾದಲ್ಲಿ ಕೆಮ್ಮುವ ಪ್ರೊಫೆಸರು ಅದನ್ನೇ ಕೇಳಿದರು. ನಾನು ತಲೆಕೆಳಗಾದ ಅಲೆ ಬರೆದೆ. "ಸರಿಯಾಗಿ ಯೋಚನೆ ಮಾಡಿದ್ದೀರಾ?" ಅಂದರು. ಮಾಡಿದ್ದೇನೆ ಅಂದೆ. ಮತ್ತೆ ಮತ್ತೆ ಕೇಳಿದರು, ಸುಳಿವು ಕೊಟ್ಟರು. ಗೊತ್ತಿಲ್ಲ ಅಂದಿದ್ದರೆ ಬೇರೆ ಪ್ರಶ್ನೆಗೆ ಹೋಗುತ್ತಿದ್ದರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದೆ. ಅಲ್ಲಿಂದ ಮುಂದೆ ಅವರು ನನ್ನ ಯಾವ ಉತ್ತರವನ್ನೂ ನಂಬಲಿಲ್ಲ. ಹೊರಗೆ ಬಂದರೆ ಇವಳು ಬೆಂಚಿನಿಂದ ಎದ್ದು, "ಲೈನಿಂದು ಕೇಳಿದ್ರಾ? ಅದಂತೂ ನಾನೇ ಹೇಳಿಕೊಟ್ಟಿದ್ದು, ಕಣ್ಣು ಮುಚ್ಕೊಂಡು ಹೇಳಿರ್ತೀಯ ಬಿಡು," ಅಂದಳು. ಅವಳಿಗೆ ಆ ಪ್ರಶ್ನೆ ಬಂದಿರಲೇ ಇಲ್ಲ. ನಾನು ಮೆಟ್ಟಿಲು ಇಳಿದುಬಿಟ್ಟೆ.

ಅವಳಿಗೆ ಈಗಲೂ ಗೊತ್ತಿಲ್ಲ. ಅಕ್ಟೋಬರಿನಲ್ಲಿ ಅಂಥದ್ದೇ ಹಗ್ಗ ಹಿಡಿದು ಪಾಠ ಮಾಡಲು ಕ್ಲಾಸಿಗೆ ಹೋಗುತ್ತಾಳಂತೆ. ಮೊದಲು ಸಿಟ್ಟಿಗೆ ಹೇಳಲಿಲ್ಲ. ಈಗ ಹೆದರಿಕೆಗೆ ಹೇಳುತ್ತಿಲ್ಲ. ಹೇಳಿದರೆ ನನ್ನ ಫೇಲು ತನ್ನ ತಲೆಯ ಮೇಲೆ ಬಂತು ಅಂತ ಅವಳಿಗೆ ತಿಳಿಯುತ್ತದೆ, ಮತ್ತೆ ಬರೆಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೂಮಿನಲ್ಲಿ ಅವಳ ಮಂಚ ಖಾಲಿ ಇದೆ, ಹಾಸಿಗೆ ಸುತ್ತಿಟ್ಟಿದೆ. ಹೊಸ ಹುಡುಗಿಯರು ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಾರೆ, ಫೇಲಾಗುವುದು ಅಂಟುರೋಗ ಇದ್ದಹಾಗೆ. ನಿನ್ನೆ ಇಡೀ ದಿನ ನನ್ನ ಬಾಯಿಂದ ಹೊರಟ ಮಾತು "ಒಂದು ಟೀ" ಅನ್ನುವುದೊಂದೇ. ಅಂಚೆಯವರ ಸೈಕಲ್ಲು ಕಂಡರೆ ಕೆಳಗೆ ಓಡುತ್ತೇನೆ.

ಏನು ಮಾಡಲಿ ಹೇಳು.

ನಿನ್ನ ತಂಗಿ


ಸೆಪ್ಟೆಂಬರ್ 4

ಪುಟ್ಟಿ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಮೆಷಿನ್ನಿನ ಮೇಲಿಟ್ಟುಕೊಂಡು ಓದಿದೆ. ತಂತಿಯದು ಅರ್ಧ ಅರ್ಥವಾಯಿತು, ಉಳಿದದ್ದು ಪೂರ್ತಿ ಅರ್ಥವಾಯಿತು. ನೀನು ಚಿಕ್ಕವಳಿದ್ದಾಗಲೂ ಹಾಗೇ. ಯಾರಾದರೂ ಪ್ರೀತಿಯಿಂದ ಹೇಳಿದರೆ ಹಗಲನ್ನು ರಾತ್ರಿ ಅಂತ ಒಪ್ಪಿಕೊಳ್ಳುತ್ತಿದ್ದೆ.

ಆ ಹುಡುಗಿ ಬೇಕಂತ ಮಾಡಿಲ್ಲ. ನೀನು ಹೇಳದೆ ಇರುವುದು ಮಾತ್ರ ಬೇಕಂತಲೇ. ಅವಳ ಕ್ಲಾಸಿನಲ್ಲಿ ನಿನ್ನಂಥ ಹಟಮಾರಿ ಒಬ್ಬಳಾದರೂ ಇರುತ್ತಾಳೆ. ಮೇಡಂ ಹೇಳಿದ್ದಾರೆ ಅಂತ ನಾಳೆ ಅವಳೂ ಬೋರ್ಡಿನ ಮುಂದೆ ನಿಂತು ಅದನ್ನೇ ಬರೆಯುತ್ತಾಳೆ. ಅವಳ ಅಕ್ಕನೂ ಎಲ್ಲೋ ಕೂತು ಯಾಕೆ ಫೇಲಾದಳು ಅಂತ ತಲೆ ಕೆಡಿಸಿಕೊಳ್ಳುತ್ತಾಳೆ. ನುಂಗಿದ್ದು ಅರಗದಿದ್ದರೆ ಹೊಟ್ಟೆನೋವು ನಿನಗೇ. ಹೇಳಿಬಿಡು.

ಸ್ನೇಹ ಹೋದರೆ ಹೋಗಲಿ ಅಂತ ನಾನು ಹೇಳುವುದಿಲ್ಲ, ಹೋದರೆ ಕಷ್ಟವೇ. ಕುರ್ತಾದ ತೋಳಿಗೆ ಒಳಗಡೆಯಿಂದ ಒಂದು ಹೊಲಿಗೆ ಹಾಕಿಕೋ.

ಅಕ್ಕ


ಸೆಪ್ಟೆಂಬರ್ 15

ತಮಟೆ,

ನಿನ್ನ ಪ್ರಶ್ನೆಗಳಿಗೆ ಉತ್ತರ ಇದರ ಜೊತೆಗಿದೆ. ಮೋಟಾರಿನದು ಸುಲಭವಾಗಿತ್ತು, ಬೇಕಂತಲೇ ನನಗೆ ಸಿಹಿ ತಿನ್ನಿಸಿದ್ದೀಯ. ಕಂಟ್ರೋಲಿನದಕ್ಕೆ ಒಂದು ವಾರ ತಿಣುಕಿದೆ.

ಮಧ್ಯಾಹ್ನ ಮಹಡಿಯ ಮೇಲಿನ ಖಾಲಿ ಕ್ಲಾಸಿಗೆ ಹೋಗಿ, ಮುಂದಿನ ಸಾಲಿನಲ್ಲಿ ಮೂರು ಕುರ್ಚಿ ಹಾಕಿ, ಅವುಗಳ ಮುಂದೆ ಬೋರ್ಡಿನಲ್ಲಿ ಬರೆಯುತ್ತೇನೆ. ನಡುವಿನ ಕುರ್ಚಿ ಕೆಮ್ಮುವವರದು. ಅವರ ಬದಲಿಗೆ ನಾನೇ ಕೆಮ್ಮುತ್ತೇನೆ. ಮೊನ್ನೆ ಕಸ ಗುಡಿಸುವ ಅಮ್ಮ ಬಾಗಿಲಲ್ಲಿ ನಿಂತು, "ಯಾರ ಜೊತೆ ಮಾತಾಡ್ತಿದ್ದೀಯಮ್ಮಾ?" ಅಂದರು. ಪರೀಕ್ಷೆಗೆ ಅಂದೆ. "ಕೆಮ್ಮಿಗೆ ಬಿಸಿನೀರು ಕುಡಿ," ಅಂದು ಹೋದರು. ನಗು ಬಂತು. ಆಮೇಲೆ ನಿನಗೆ ಹೇಳೋಣ ಅಂತ ತಿರುಗಿದೆ, ಕುರ್ಚಿಗಳಿದ್ದವು.

ನಾನೊಂದು ಪ್ರಯೋಗ ಮಾಡಿದೆ. ನಮ್ಮ ಹಗ್ಗವನ್ನು ಮೂರನೇ ಮಹಡಿಯ ಕಿಟಕಿಯಿಂದ ಕೆಳಕ್ಕೆ ಇಳಿಬಿಟ್ಟು, ಮೇಲಿನಿಂದ ಜಾಡಿಸಿ ನೋಡಿದೆ. ವಾರ್ಡನ್ ಕೆಳಗಿನಿಂದ, "ಯಾರದು, ಓಡಿಹೋಗೋಕೆ ನೋಡ್ತಿರೋದು?" ಅಂತ ಕೂಗಿದರು. ನೀನೂ ಕ್ಲಾಸಿಗೆ ಮುಂಚೆ ಒಂದು ಸಲ ಹಾಗೆ ಮಾಡಿ ನೋಡು. ಇಲ್ಲವೇ ಲ್ಯಾಬಿನಲ್ಲಿ ಉದ್ದನೆಯ ಕೇಬಲ್ ಹಚ್ಚಿ, ತುದಿ ತೆರೆದಿಟ್ಟು, ಪರದೆಯ ಮೇಲೆ ಅಲೆ ನೋಡು. ಮರೆಯಬೇಡ.

ನಿನ್ನ ಡಬ್ಬಿಯ ವಿಚಾರ ಓದಿ ಬೇಜಾರಾಯಿತು. ಕಿಟಕಿಯ ಕಡೆ ಮುಖ ಮಾಡಿ ಉಣ್ಣಬೇಡ, ಬೇಗ ಮುಗಿದುಹೋಗುತ್ತದೆ. ನನಗೆ ಗೊತ್ತು.

ಗುಮ್ಮಿ


ಅಕ್ಟೋಬರ್ 1

ಗುಮ್ಮಿ, ಗುಮ್ಮಿ,

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲೇ ಓದಿ ಜೋರಾಗಿ ನಕ್ಕುಬಿಟ್ಟೆ. ಗಡಿಯಾರ ನೋಡುವವರೆಲ್ಲ ನನ್ನನ್ನು ನೋಡಿದರು. "ಏನಂತೆ?" ಅಂದರು. ನನ್ನ ಫ್ರೆಂಡು ಕುರ್ಚಿಗೆ ವೈವಾ ಕೊಡ್ತಿದ್ದಾಳೆ ಅಂದೆ. ಈ ಊರಿಗೆ ಬಂದಮೇಲೆ ಯಾರಾದರೂ ನನ್ನನ್ನು ಏನಂತೆ ಅಂತ ಕೇಳಿದ್ದು ಅದೇ ಮೊದಲು.

ಉತ್ತರಗಳು ಎಲ್ಲ ಸರಿ. ನೀನು ಗ್ಯಾರಂಟಿ ಪಾಸು. ಲ್ಯಾಬಿಗೆ ಹೋಗಲು ಪುರಸೊತ್ತು ಸಿಗಲಿಲ್ಲ, ಆಂತರಿಕ ಪರೀಕ್ಷೆಯ ಪೇಪರು ತಲೆಯ ಮೇಲೆ ಕೂತಿವೆ. ಕಿಟಕಿಯಿಂದ ಹಗ್ಗ ಬಿಡುವುದಂತೂ ಆಗದ ಮಾತು, ನನ್ನ ಮನೆಯೊಡತಿ ಪೊಲೀಸರನ್ನೇ ಕರೆಯುತ್ತಾರೆ. ಬರುವ ವಾರ ಲೈನಿನ ಪಾಠ. ತೆರೆದ ತುದಿ, ತಲೆಕೆಳಗಾದ ಅಲೆ, ಚಪ್ಪಾಳೆ. ನೀನೇ ಸಾಕ್ಷಿ, ನನಗೆ ಯಾಕೆ ಚಿಂತೆ?

ಡಿಸೆಂಬರಿನಲ್ಲಿ ರಜೆ ಹಾಕಿ ಬರುತ್ತೇನೆ. ಬೆಂಚಿನಲ್ಲಿ ಯಾರು ಕೂರುತ್ತಾರೆ ಮತ್ತೆ?

ತಮಟೆ


ಅಕ್ಟೋಬರ್ 6

ತಮಟೆ,

ಪಾಠ ನಿಲ್ಲಿಸು. ತೆರೆದ ತುದಿಯಲ್ಲಿ ಅಲೆ ತಲೆಕೆಳಗಾಗುವುದಿಲ್ಲ. ನೆಟ್ಟಗೇ ಬರುತ್ತದೆ. ಸರಳಿಗೆ ಕಟ್ಟಿದ ಹಗ್ಗ ತೆರೆದ ತುದಿಯಲ್ಲ, ಎರಡು ತಂತಿ ಸೇರಿಸಿ ಗಂಟು ಹಾಕಿದ ತುದಿ. ಪುಸ್ತಕ ನೋಡು, ಕೇಬಲ್ ಹಚ್ಚಿ ನೋಡು.

ಹೋದ ಪತ್ರದಲ್ಲೇ ನೇರವಾಗಿ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ನಿನ್ನ ನಂಬರಿಗೂ ಫೋನ್ ಮಾಡಿದೆ, ನೀನು ಕ್ಲಾಸಿನಲ್ಲಿದ್ದೆಯೋ ಏನೋ. ಮತ್ತೆ ಮಾಡಲು, ಮೆಸೇಜು ಕಳಿಸಲು ಧೈರ್ಯವಾಗಲಿಲ್ಲ. ಅದಕ್ಕೇ ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ.

ಗುಮ್ಮಿ


ನವೆಂಬರ್ 9

ತಮಟೆ,

ನಿನ್ನಿಂದ ಪತ್ರವಿಲ್ಲ. ಫೋನೂ ಇಲ್ಲ. ಅಂಚೆಯವರು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ಇಲ್ಲ ಅನ್ನುತ್ತಾರೆ.

ಲಿಖಿತ ಪರೀಕ್ಷೆ ಮುಗಿಯಿತು, ಪರವಾಗಿಲ್ಲ. ವೈವಾ ಡಿಸೆಂಬರ್ ಹನ್ನೊಂದಕ್ಕೆ. ಇದನ್ನು ತಿಳಿಸೋಣ ಅಂತ ಬರೆದೆ. ನೀನು ಬರಲೇಬೇಕು ಅಂತಲ್ಲ.

ಸುಳ್ಳು ಹೇಳಿದೆ. ಬಾ.

ಗುಮ್ಮಿ


ಡಿಸೆಂಬರ್ 4

ಗುಮ್ಮಿ,

ನಿನ್ನ ತುರ್ತು ಪತ್ರ ಬರುವ ಹೊತ್ತಿಗೆ ಪಾಠ ಮುಗಿದಿತ್ತು. ಚಪ್ಪಾಳೆಯೂ ಬಿದ್ದಿತ್ತು. ಪತ್ರ ಓದಿ ಸೀದಾ ಲ್ಯಾಬಿಗೆ ಹೋಗಿ ಕೇಬಲ್ ಹಚ್ಚಿದೆ. ತುದಿ ತೆರೆದಿಟ್ಟೆ. ಅಲೆ ನೆಟ್ಟಗೆ ಬಂತು. ಕೇಬಲ್ಲು ಬದಲಾಯಿಸಿದೆ, ಮತ್ತೆ ನೆಟ್ಟಗೇ ಬಂತು. ನಾಚಿಕೆಯಾಯಿತು. ಮಾರನೇ ದಿನ ಕ್ಲಾಸಿನಲ್ಲಿ ನಿಂತು, "ನಾನು ಹೇಳಿದ್ದು ತಪ್ಪು, ಬರ್ಕೊಂಡಿದ್ದನ್ನ ಹೊಡೆದು ಹಾಕಿ," ಅಂದೆ. ಹಿಂದಿನ ಸಾಲಿನ ಹುಡುಗಿ ಒಬ್ಬಳು, "ಮೇಡಂ, ಹಗ್ಗದಲ್ಲಿ ಹಾಗೇ ಬಂತಲ್ಲ," ಅಂತ ಬಿಡಲೇ ಇಲ್ಲ. ಅವಳ ಮುಖ ನೋಡುತ್ತಾ ನೋಡುತ್ತಾ ನನಗೆ ನೀನು ಮೆಟ್ಟಿಲು ಇಳಿದದ್ದು ನೆನಪಾಯಿತು.

ನಾನು ಅವತ್ತು ಬೆಂಚಿನಿಂದ ಎದ್ದು ನಿನ್ನನ್ನು ಏನು ಕೇಳಿದೆ ಅಂತ ನೆನಪಾಯಿತು.

ಎಷ್ಟೋ ಸಲ ಬರೆಯಲು ಕೂತೆ, ಬರೆದದ್ದನ್ನೆಲ್ಲ ಹರಿದೆ. ನಾನು ಬರುವುದಿಲ್ಲ. ನಿನಗೆ ಮುಖ ತೋರಿಸಲು ನನ್ನಿಂದಾಗುವುದಿಲ್ಲ. ಒಂದೇ ಒಂದು ಪ್ರಶ್ನೆ, ಇದೇ ಕೊನೆಯದು. ಹೋದ ಸಲ ಅವರು ಅದನ್ನೇ ಕೇಳಿದ್ರಾ? ಈಗ ಬರೆಯಬೇಡ, ವೈವಾ ಮುಗಿಸಿ ಬರೆ. ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ.

ತಮಟೆ


ಡಿಸೆಂಬರ್ 11

ನನ್ನ ತಮಟೆಗೆ,

ಹೌದು. ಅದನ್ನೇ ಕೇಳಿದ್ದರು.

ಸುಳ್ಳು ಹೇಳಬೇಡ ಅಂದೆಯಲ್ಲ, ಅದಕ್ಕೆ ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಈಗ ಉಳಿದದ್ದನ್ನೂ ಓದು, ಅರ್ಧಕ್ಕೆ ಬಿಟ್ಟು ಅಳುತ್ತಾ ಕೂರಬೇಡ.

ಬೆಳಿಗ್ಗೆ ಬಂದು ನೋಡಿದರೆ ಬೆಂಚು ಖಾಲಿ. ನೀನು ಬರುವುದಿಲ್ಲ ಅಂತ ಓದಿದ್ದರೂ ಕಾರಿಡಾರಿನ ತುದಿಯ ತನಕ ಹೋಗಿ ನೋಡಿ ಬಂದೆ. ಚೀಲವನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದೆ. ಯಂತ್ರಗಳದು ಕೇಳಿದರು, ಹೇಳಿದೆ. ಕಂಟ್ರೋಲಿನಲ್ಲಿ ನೀನು ಕಳಿಸಿದಂಥದ್ದೇ ಒಂದು ಬಂತು, ಹೇಳಿದೆ. ಇನ್ನೊಂದಕ್ಕೆ ಗೊತ್ತಿಲ್ಲ ಸರ್ ಅಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ, ಮುಂದಿನ ಪ್ರಶ್ನೆಗೆ ಹೋದರು.

ಎಲ್ಲ ಮುಗಿಯಿತು ಅನ್ನುವಾಗ ಕೆಮ್ಮುವವರು ಕನ್ನಡಕ ತೆಗೆದು, "ಹೋದ ಸಲ ತೆರೆದ ತುದಿಯಲ್ಲಿ ಅಲೆ ತಲೆಕೆಳಗಾಗುತ್ತೆ ಅಂತ ಹಟ ಹಿಡಿದಿದ್ರಿ. ಈಗ ಏನಂತೀರಿ?" ಅಂದರು.

"ಈಗ ಆಗಲ್ಲ ಸರ್."

"ನಾನು ಅಷ್ಟು ಸುಳಿವು ಕೊಟ್ಟೆನಲ್ಲಮ್ಮ. ಆದ್ರೂ ಯಾಕೆ ಬಿಡಲಿಲ್ಲ?"

"ನಂಬಿಕೆಯವರು ಹೇಳಿಕೊಟ್ಟಿದ್ರು ಸರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಈಗಲೂ ಅವರ ಮೇಲೆ ನಂಬಿಕೆ ಇದೆಯಾ?" ಅಂದರು.

ಇದೆ ಸರ್ ಅಂದೆ. ಅದಕ್ಕೆ ನಾನು ಯೋಚಿಸಲಿಲ್ಲ ಕಣೇ. ಅಷ್ಟು ತಿಂಗಳು ಸಿಟ್ಟು ಮಾಡಿಕೊಂಡವಳು ನಾನೇನಾ ಅಂತ ನನಗೇ ಆಶ್ಚರ್ಯವಾಯಿತು. ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದು, ಪಾಸು ಅಂದರು.

ಹೊರಗೆ ಬಂದು ಬಾಗಿಲು ಹಾಕಿಕೊಂಡೆ. ಪಾಸಾದೆ ಅಂತ ಹೇಳಲು ಯಾರೂ ಇರಲಿಲ್ಲ. ಬೆಂಚಿನ ಮೇಲೆ ನನ್ನ ಚೀಲ ಇತ್ತು, ಅದರ ಪಕ್ಕದಲ್ಲಿ ನನ್ನ ಮುಂದಿನ ಸರದಿಯ ಹುಡುಗಿ ಕೂತಿದ್ದಳು. ಹೊಸ ಮುಖ. ನೋಟ್ಸಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿಹಾಕುತ್ತಿದ್ದಳು. ನಿನಗೆ ಕೂರುವವರು ಯಾರು ಅಂದೆ. "ಯಾರೂ ಇಲ್ಲ ಅಕ್ಕಾ, ನಾನು ಒಬ್ಬಳೇ ಓದಿದ್ದು," ಅಂದಳು. ಒಳಗಿನಿಂದ ಅವಳನ್ನು ಕರೆದರು. ಹೋಗು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ನಾನಿಲ್ಲೇ ಇರುತ್ತೇನೆ ಅಂದೆ.

ಅವಳ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಮೇಲೆ ಹಾಳೆ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಒಳಗೆ ಕೆಮ್ಮು ಕೇಳಿಸುತ್ತಿದೆ. ಪಾಪದ ಹುಡುಗಿ. ಅವತ್ತು ನೀನೂ ಈ ಗೋಡೆಗೆ ಒರಗಿ ಇದೇ ಕೆಮ್ಮು ಕೇಳುತ್ತಾ ನನಗಾಗಿ ಹೆದರಿಕೊಂಡು ಕೂತಿದ್ದೆ ಅನ್ನುವುದು ನನಗೆ ಈವರೆಗೆ ಹೊಳೆದಿರಲೇ ಇಲ್ಲ. ಹೊರಗೆ ಬಂದಾಗ ನಿನ್ನ ಮುಖ ನೋಡಬೇಕಿತ್ತು. ಆಗ ನೋಡಲಿಲ್ಲ, ಈಗ ನೋಡಬೇಕು ಅನ್ನಿಸುತ್ತಿದೆ.

ಭಾನುವಾರ ಬರುತ್ತೇನೆ. ಮನೆಯೊಡತಿಗೆ ಹೇಳಿಡು. ಬಾಗಿಲು ತೆಗೆಯದಿದ್ದರೆ ಕೆಳಗೆ ನಿಂತು ಕೆಮ್ಮುತ್ತೇನೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಅವಳು ಬರುತ್ತಿದ್ದಾಳೆ. ಎದ್ದು ನಿಲ್ಲಬೇಕು.

ನಿನ್ನ
ಗುಮ್ಮಿ